ಮಿಕ್ಸಿ ಓಡುವಾಗ ಆಡಿದ ಮಾತು

ಆ ಮನೆಯಲ್ಲಿ ಜಗಳ ಆಡಬೇಕಾದರೆ ಮೊದಲು ಮಿಕ್ಸಿ ಹಾಕಬೇಕಿತ್ತು.

ಇದು ಯಾರೋ ಕೂತು ಮಾಡಿದ ಕಾನೂನಲ್ಲ. ಮನೆ ಮರದ್ದು. ಕೆಳಗೆ ಅಡುಗೆಮನೆಯಲ್ಲಿ ಚಮಚ ಬಿದ್ದರೆ ಮೇಲಿನ ಕೋಣೆಯ ಅತಿಥಿ ಮಗ್ಗುಲು ಬದಲಿಸುತ್ತಿದ್ದ. ಅತಿಥಿಗಳು ಬರುತ್ತಿದ್ದುದೇ ಸದ್ದಿಲ್ಲದ ಜಾಗ ಬೇಕೆಂದು. ಕಣಿವೆಯೂ ಅಂಥದ್ದೇ. ಬೆಟ್ಟಗಳಿದ್ದವು, ಆದರೆ ಯಾರನ್ನೂ ಹೆದರಿಸುವಂಥವಲ್ಲ. ಹೊಳೆಯಿತ್ತು, ಮೊಣಕಾಲಿಗಿಂತ ಮೇಲೆ ಬಂದದ್ದಿಲ್ಲ. ಹೊಸದಾಗಿ ಮದುವೆಯಾದವರು, ಹೊಸದಾಗಿ ನಿವೃತ್ತರಾದವರು, ಡಾಕ್ಟರು ‘ದಿನಾ ನಡೀರಿ’ ಎಂದು ಗದರಿಸಿ ಕಳಿಸಿದವರು ಎಲ್ಲ ಬಂದು ಹಳ್ಳಿಯ ಮನೆಗಳಲ್ಲಿ ಉಳಿಯುತ್ತಿದ್ದರು. ಬೆಳಿಗ್ಗೆ ಬುತ್ತಿ ಕಟ್ಟಿಸಿಕೊಂಡು ಹೋಗಿ ಸಂಜೆ ಕೆಂಪು ಮೂಗು ಹೊತ್ತು ವಾಪಸು ಬರುತ್ತಿದ್ದರು. ಅಂಥವರ ಕಿವಿಗೆ ಅತ್ತೆ ಸೊಸೆಯರ ಮಾತು ಬಿದ್ದರೆ ಹೇಗೆ? ಸೀಜನ್ನಿನಲ್ಲಿ ಅತಿಥಿಗಳಿಲ್ಲದ ದಿನವಿರಲಿಲ್ಲ, ಜಗಳವಿಲ್ಲದ ದಿನವೂ ಇರಲಿಲ್ಲ. ಒಮ್ಮೆ ಹಾಲು ಉಕ್ಕಿದ್ದಕ್ಕೆ ಮಾತು ಏರಿದಾಗ ಮನೆಯ ಹುಡುಗಿ ಓಡಿ ಬಂದು ಖಾಲಿ ಜಾರನ್ನು ಮಿಕ್ಸಿಯ ಮೇಲೆ ಕೂರಿಸಿ ಗುಂಡಿ ತಿರುಗಿಸಿದಳು. “ಹ್ಞಾಂ, ಈಗ ಆಡಿ” ಎಂದಳು. ಅಂದಿನಿಂದ ಅದೇ ರೂಢಿಯಾಯಿತು. ಮೇಲಿದ್ದವರಿಗೆ ಅನುಮಾನವೇ ಬರಲಿಲ್ಲ. ಒಬ್ಬ ಅತಿಥಿಯಂತೂ, ಈ ಮನೆಯಲ್ಲಿ ಎಲ್ಲವನ್ನೂ ಆಗಿಂದಾಗಲೇ ರುಬ್ಬಿ ಮಾಡುತ್ತಾರೆ, ಪಾಪ ಬಹಳ ಶ್ರಮಜೀವಿಗಳು ಎಂದು ಊರೆಲ್ಲ ಓದುವ ಹಾಗೆ ಹೊಗಳಿ ಬರೆದ.

ಶ್ರಮಜೀವಿಗಳು ಎಂಬುದೇನೋ ನಿಜ. ಮನೆಯ ಸೊಸೆಗೆ ಒಂದು ಹೆಸರಿತ್ತು, ಬಳಕೆ ತಪ್ಪಿ ಎಷ್ಟೋ ಕಾಲವಾಗಿತ್ತು. ‘ಅಕ್ಕಾ ಬಿಸಿನೀರು, ಅಕ್ಕಾ ಟವೆಲ್ಲು, ಅಕ್ಕಾ ಚಾರ್ಜರ್’ ಎಂದು ಅತಿಥಿಗಳು ಕರೆದೂ ಕರೆದೂ ಅವಳು ಊರಿಗೆಲ್ಲ ಅಕ್ಕ ಆಗಿಬಿಟ್ಟಿದ್ದಳು. ಗಂಡ ಕೂಡ ಒಂದು ಸಲ ಜನರೆದುರು ಬಾಯಿ ತಪ್ಪಿ ‘ಅಕ್ಕಾ’ ಎಂದು ಕರೆದು, ಆಮೇಲೆ ಅವಳ ಮುಖ ನೋಡಲಾರದೆ ಸೌದೆ ಒಡೆಯಲು ಹೋಗಿದ್ದ. ಅವನದು ಗೈಡ್ ಕೆಲಸ. ಒಂದು ದಿನ ಒರತೆಯವರೆಗೆ, ಒಂದು ದಿನ ಹುಲ್ಲುಗಾವಲಿಗೆ, ಒಂದು ದಿನ ಹೊಳೆಯಗುಂಟ ಹಳೇ ಸೇತುವೆಗೆ, ಹೀಗೆ ಅತಿಥಿಗಳನ್ನು ನಡೆಸಿಕೊಂಡು ಹೋಗಿ ಬರುವುದು. ಪ್ರತಿ ಸಲವೂ ಮೊದಲ ಸಲ ಕಂಡವನ ಹಾಗೆ ‘ಆಹಾ, ಅಲ್ಲಿ ನೋಡಿ’ ಅನ್ನಬೇಕು. ಸಂಜೆ ಬಂದು ಕಾಲುಚೀಲ ಬಿಚ್ಚುವ ಹೊತ್ತಿಗೆ ಮನೆಯವರಿಗೆಂದು ಅವನ ಬಾಯಲ್ಲಿ ಒಂದು ಮಾತೂ ಉಳಿದಿರುತ್ತಿರಲಿಲ್ಲ. ಒಲೆ ಅತ್ತೆಯದು, ಅದರ ಹತ್ತಿರ ಬೇರೆಯವರು ಸುಳಿಯುವಂತಿರಲಿಲ್ಲ. ಫೋನು, ಬುಕಿಂಗು, ಹಲ್ಲು ಕಿರಿದು ಉತ್ತರ ಬರೆಯುವುದು ಎಲ್ಲ ಹೈಸ್ಕೂಲು ಮುಗಿಸಿದ ಮಗಳದು. ಅಪ್ಪ ತಮಾಷೆಗೆ ಮ್ಯಾನೇಜರ್ ಎಂದು ಕರೆದದ್ದೇ ಅವಳಿಗೆ ಅಂಟಿಕೊಂಡಿತ್ತು.

ಮೇಲೆ ದೊಡ್ಡ ಕಿಟಕಿ ಇದ್ದ ಕೋಣೆಗಳೆಲ್ಲ ಅತಿಥಿಗಳಿಗೆ. ಅಕ್ಕ ಮತ್ತು ಗಂಡ ಮಲಗುತ್ತಿದ್ದುದು ಉಗ್ರಾಣದಲ್ಲಿ, ಊರುಗೋಲು, ಮಳೆಕೋಟು, ಹೆಚ್ಚುವರಿ ಹಾಸಿಗೆಗಳ ನಡುವೆ. ಅಡುಗೆಮನೆಯ ಪಕ್ಕದ ಚಿಕ್ಕ ಕೋಣೆಯಲ್ಲಿ ಅತ್ತೆ ಮತ್ತು ಮ್ಯಾನೇಜರ್.

ಇಂಥ ಮನೆಗೆ ಅಕ್ಕನ ತಾಯಿ ಬರುತ್ತೇನೆ ಎಂದಳು.

ಪೇಟೆಯಲ್ಲಿ ಅವಳನ್ನು ಹೊಲಿಗೆಯಮ್ಮ ಎನ್ನುತ್ತಿದ್ದರು. ಗಂಡ ಹೋದ ಮೇಲೆ ಮನೆಯ ಮುಂದಿನ ಕೋಣೆಯಲ್ಲಿ ಮಷೀನು ಹಾಕಿಕೊಂಡು, ಅದರ ಮೇಲೆ ಇಬ್ಬರು ಮಕ್ಕಳನ್ನು ದಡ ಮುಟ್ಟಿಸಿದವಳು. ಈಗ ಕಣ್ಣು ಮಂಜಾಗಿ ಸೂಜಿಗೆ ದಾರ ಹೋಗದಾಗಿತ್ತು. ಮಷೀನು ಮೂಲೆ ಸೇರಿತು. ಆ ಕೋಣೆಯಲ್ಲಿ ಮಗ ಸೈಕಲ್ ರಿಪೇರಿ ಇಟ್ಟ. ಕೆಲಸವಿಲ್ಲದ ಕೈ ಇಟ್ಟುಕೊಂಡು ಮಗನ ಮನೆಯಲ್ಲಿ ಕೂರುವುದು ಅವಳಿಗೆ ಹೊಸದು.

“ನಿನ್ನ ಹತ್ರ ಒಂದಷ್ಟು ದಿನ ಇದ್ದು ಹೋಗ್ಲಾ ಪುಟ್ಟಿ?” ಎಂದಳು ಫೋನಿನಲ್ಲಿ.

ಹುಟ್ಟಿದಾಗಿನಿಂದ ತಾಯಿ ತನ್ನನ್ನು ಏನನ್ನೂ ಕೇಳಿದ್ದು ಅಕ್ಕನಿಗೆ ನೆನಪಿರಲಿಲ್ಲ. “ಬಾಮ್ಮಾ, ಅದನ್ನ ಕೇಳ್ಬೇಕಾ?” ಎಂದು ಫೋನಿಟ್ಟಳು. ಆಮೇಲೆ, ಅತ್ತೆ ಹಿತ್ತಲಿಗೆ ಹೋಗುವಾಗ ನೋಡಿಕೋ ಎಂದಿದ್ದ ಸೂಪಿನ ಪಾತ್ರೆಯ ಮುಂದೆ ಸೌಟು ಹಿಡಿದುಕೊಂಡು ನಿಂತೇ ಇದ್ದಳು. ಅಮ್ಮ ಮೇಲಿನ ಕಿಟಕಿಯ ಕೋಣೆಯಲ್ಲಿ ಮಲಗಬೇಕು, ಬಿಸಿಲು ಮುಖಕ್ಕೆ ಬೀಳುವವರೆಗೂ ಏಳಬಾರದು, ಎದ್ದರೆ ಟೀ ಅಲ್ಲಿಗೇ ಹೋಗಬೇಕು. ಅವಳಿಗೆ ಬೇಕಾಗಿದ್ದು ಇಷ್ಟೇ. ಎಷ್ಟು ಬೇಕಾಗಿತ್ತೆಂದರೆ ಸೂಪು ತಳ ಹಿಡಿದದ್ದೂ ಗೊತ್ತಾಗಲಿಲ್ಲ.

ಅವತ್ತೇ ಮಿಕ್ಸಿ ಓಡಿತು.

“ಮೇಲಿನ ಒಂದು ಕೋಣೆ ಅಮ್ಮಂಗೆ ಕೊಡೋಣ ರೀ.”

“ಸೀಜನ್ ಮುಗೀಲಿ ಕಣೇ.”

“ಮುಗಿದ್ಮೇಲೆ ಹಿಮ ಬೀಳತ್ತೆ. ವಯಸ್ಸಾದವರನ್ನ ಚಳೀಲಿ ಕರೆಸ್ಕೊಂಡು ಏನು ಮಾಡ್ಲಿ?”

“ಬುಕಿಂಗ್ ಆಗಿಹೋಗಿದೆ. ಬೇಕಾದ್ರೆ ಮ್ಯಾನೇಜರ್‌ನ ಕೇಳು.”

“ಎಲ್ಲಾ ಫುಲ್ಲಮ್ಮ,” ಎಂದಳು ಮಗಳು ಫೋನಿನಿಂದ ತಲೆ ಎತ್ತದೆ. “ಕ್ಯಾನ್ಸಲ್ ಮಾಡಿದ್ರೆ ನಮ್ಮ ಮನೇನ ಪಟ್ಟೀಲಿ ಎಲ್ಲರಿಗಿಂತ ಕೆಳಗೆ ತಳ್ತಾರೆ. ಆಮೇಲೆ ಯಾರ ಕಣ್ಣಿಗೂ ಬೀಳಲ್ಲ ನಾವು.”

ಅತ್ತೆ ಸೊಪ್ಪು ಬಿಡಿಸುತ್ತಿದ್ದವಳು ಕೈ ನಿಲ್ಲಿಸಿದಳು. “ನಾನು ಮದುವೆಯಾಗಿ ಬಂದಾಗಿಂದ ಮಲಗಿದ್ದ ಕೋಣೆ ಅದು. ಬಿಟ್ಟುಕೊಡಿ ಅಂದ್ರಿ, ಬಿಟ್ಟುಕೊಟ್ಟೆ. ಆವತ್ತು ಯಾರಾದ್ರೂ ನನ್ನ ಪರವಾಗಿ ಬಾಯಿ ಬಿಟ್ರಾ? ನಿನ್ನಮ್ಮ ಬರ್ಲಿ, ನಾನೇನೂ ಬೇಡ ಅನ್ನಲ್ಲ. ನನ್ನ ಪಕ್ಕ ಮಲಗ್ಲಿ. ನನಗೆ ಆಗೋ ಜಾಗ ಅವರಿಗೆ ಆಗಲ್ವಾ?”

ಅತ್ತೆ ಹೇಳಿದ್ದು ನ್ಯಾಯವಾಗಿಯೇ ಇತ್ತು, ಅದೇ ಅಕ್ಕನಿಗೆ ಸಿಟ್ಟು ತರಿಸಿತು. ಮಗಳು ಮಿಕ್ಸಿ ನಿಲ್ಲಿಸಿದಳು. ತನ್ನ ಹಾಸಿಗೆ ಸುತ್ತಿಕೊಂಡು ಹೋಗಿ ನಡುಮನೆಯ ಬೆಂಚಿನ ಮೇಲೆ ಹಾಸಿದಳು.

ಹೊಲಿಗೆಯಮ್ಮ ಬಂದದ್ದು ಅತಿಥಿಗಳು ಬಂದ ಬಸ್ಸಿನಲ್ಲೇ. ಅಂದು ಹೊಸಬರ ದೊಡ್ಡ ಗುಂಪೇ ಇತ್ತು. ಅಕ್ಕ ಒಂದು ಕೈಯಲ್ಲಿ ಬೀಗದ ಕೈ ಗೊಂಚಲು, ಇನ್ನೊಂದರಲ್ಲಿ ಜೇನು ಹಾಕಿದ ಬಿಸಿನೀರಿನ ಲೋಟಗಳ ತಟ್ಟೆ ಹಿಡಿದು ಬಾಗಿಲಿಗೆ ಬಂದು ಒಂದೇ ಉಸಿರಿಗೆ ಶುರು ಮಾಡಿದಳು. “ಬನ್ನಿ ಬನ್ನಿ, ದಾರಿ ಸುಖವಾಗಿತ್ತಾ? ಶೂ ಅಲ್ಲೇ ಬಿಡಿ, ಮೊದಲು ಬಿಸಿಯಾಗಿ ಕುಡೀರಿ, ಆಮೇಲೆ ಕೋಣೆ ತೋರಿಸ್ತೀನಿ.” ಒಬ್ಬೊಬ್ಬರ ಕೈಗೆ ಲೋಟ ಕೊಡುತ್ತ ಬಂದಳು. ಎಲ್ಲರಿಗಿಂತ ಹಿಂದೆ ನಿಂತಿದ್ದವಳಿಗೂ ಕೊಟ್ಟು, “ದಾರಿ ಸುಖವಾಗಿತ್ತಾ?” ಎಂದಳು.

“ಸುಖವಾಗಿತ್ತಮ್ಮ,” ಎಂದಳು ಹೊಲಿಗೆಯಮ್ಮ.

ಅಕ್ಕ ನಾಲಿಗೆ ಕಚ್ಚಿಕೊಂಡಳು. “ಅಯ್ಯೋ ಅಮ್ಮಾ! ತಲೇನೇ ಓಡ್ಲಿಲ್ಲ ನೋಡು ನಂಗೆ.”

“ಇರ್ಲಿ ಬಿಡೇ. ಜೇನುನೀರು ಚೆನ್ನಾಗಿದೆ. ನಂಗೆ ಯಾವಾಗ ಯಾರು ಹೀಗೆ ಬಾಗಿಲಲ್ಲಿ ನಿಂತು ಕೊಟ್ಟಿದ್ರು?” ತಾಯಿ ನಕ್ಕಳು. ಅಕ್ಕನೂ ನಗಹೊರಟಳು. ಅಷ್ಟರಲ್ಲಿ ಯಾರೋ ಬಚ್ಚಲು ಎಲ್ಲಿ ಎಂದು ಕೇಳಿದರು. ತಾಯಿಯ ಚೀಲವನ್ನು ಬಾಗಿಲ ಬಳಿಯೇ ಬಿಟ್ಟು ಓಡಿದಳು.

ಓಡಿದ್ದು ಓಡಿದ್ದೇ. ವಾರಗಳು ಹಾಗೇ ಸರಿದವು. ಬೆಳಿಗ್ಗೆ ತಿಂಡಿ, ಆಮೇಲೆ ಬುತ್ತಿ, ಆಮೇಲೆ ಹಾಸಿಗೆ ಬದಲು, ಬಚ್ಚಲು ತೊಳೆಯುವುದು, ಒಗೆಯುವುದು, ಸಂಜೆ ಬಿಸಿನೀರು, ಊಟ. ತಾಯಿಯ ಪಕ್ಕದಿಂದ ಹಾದು ಹೋಗುವಾಗೆಲ್ಲ “ನಿದ್ದೆ ಚೆನ್ನಾಗಿ ಬಂತಾಮ್ಮ? ಏನಾದ್ರೂ ಬೇಕಿದ್ರೆ ಹೇಳು” ಎನ್ನುತ್ತಿದ್ದಳು. ಅತಿಥಿಗಳಿಗೂ ಅದನ್ನೇ ಹೇಳುತ್ತಿದ್ದಳು, ಅದೇ ರಾಗದಲ್ಲಿ. ಕೈಯಲ್ಲಿ ಏನೂ ಇಲ್ಲದೆ ತಾಯಿಯ ಎದುರು ಒಂದು ಸಲವೂ ಅವಳು ಕೂತದ್ದಿಲ್ಲ.

ಹೊಲಿಗೆಯಮ್ಮ ಸುಮ್ಮನಿರುವ ಹೆಂಗಸಲ್ಲ. ಗುಡಿಸಿದ ಅಂಗಳವನ್ನು ಮತ್ತೆ ಗುಡಿಸಿದಳು. ಅತ್ತೆ ಉಪ್ಪು ಹಾಕಿದ ಬೇಳೆಗೆ, ಹಾಕಿರಲಿಕ್ಕಿಲ್ಲ ಎಂದು ತಾನೂ ಹಾಕಿದಳು. ಅವತ್ತು ಅತಿಥಿಗಳು ಊಟಕ್ಕಿಂತ ಹೆಚ್ಚು ನೀರು ಕುಡಿದರು. ಒಂದು ದಿನ ಹೊರಗೆ ಹಗ್ಗದ ಮೇಲೆ ಒಣಗಲು ಹಾಕಿದ್ದ ಅತಿಥಿಯೊಬ್ಬನ ಮಳೆಕೋಟನ್ನು ತಡಕಿ ನೋಡುವಾಗ ಎರಡೂ ಕಂಕುಳಲ್ಲಿ ಸೀಳು ಸಿಕ್ಕಿತು. ಪಾಪ, ಇಷ್ಟು ಒಳ್ಳೇ ಕೋಟು ಹರಿದಿದೆಯಲ್ಲ ಎಂದು ಮೊಮ್ಮಗಳ ಕೈಯಲ್ಲಿ ಸೂಜಿಗೆ ದಾರ ಹಾಕಿಸಿಕೊಂಡು, ಬರೀ ಬೆರಳಿನ ಅಂದಾಜಿನ ಮೇಲೆ ಭದ್ರವಾಗಿ ಹೊಲಿದಿಟ್ಟಳು. ಅದು ಗಾಳಿಯಾಡಲೆಂದು ಕೋಟು ಮಾಡಿದವರೇ ಬಿಟ್ಟಿದ್ದ ಸೀಳು. ಅಳಿಯ ಸಂಜೆಯೆಲ್ಲ ಬ್ಲೇಡು ಹಿಡಿದು ಕೂತು ಹೊಲಿಗೆ ಬಿಚ್ಚಬೇಕಾಯಿತು.

“ಎಂಥಾ ಕೈ ಅತ್ತೆ ನಿಮ್ದು, ಬಿಚ್ಚೋಕೇ ಬರ್ತಿಲ್ಲ,” ಎಂದ ಹಲ್ಲು ಕಚ್ಚಿಕೊಂಡು.

“ಬಿಚ್ಚೋ ಹಾಗೆ ನಾನು ಯಾವತ್ತೂ ಹೊಲಿದಿಲ್ಲಪ್ಪ,” ಎಂದಳು ಅವಳು. ಹೊಗಳಿಕೆ ಎಂದೇ ಅವಳು ತಿಳಿದಿದ್ದಳು.

ಚಿಕ್ಕ ಕೋಣೆಯೊಳಗೆ ಬೇರೆಯದೇ ರಂಪ. ಒಬ್ಬಳಿಗೆ ಕಿಟಕಿ ತೆರೆದಿರಬೇಕು, ಇನ್ನೊಬ್ಬಳಿಗೆ ಮುಚ್ಚಿರಬೇಕು. ಒಬ್ಬಳಿಗೆ ದೀಪ ಬೇಕು, ಇನ್ನೊಬ್ಬಳಿಗೆ ಕತ್ತಲಿದ್ದರೇ ನಿದ್ದೆ.

“ಬೀಗ್ರು ಗೊರಕೆ ಹೊಡೀತಾರೆ,” ಎಂದಳು ಅತ್ತೆ ಸೊಸೆಗೆ.

“ನಿಮ್ಮತ್ತೆ ನಿದ್ದೆಗಣ್ಣಲ್ಲಿ ಮಾತಾಡ್ತಾರೆ ಕಣೇ,” ಎಂದಳು ತಾಯಿ ಮಗಳಿಗೆ. “ಯಾರಿಗೋ ಮೊಟ್ಟೆ ಬೇಯಿಸಿದ್ದು ಸಾಕಾ ಅಂತ ಕೇಳ್ತಿರ್ತಾರೆ.”

ದೂರುಗಳೆಲ್ಲ ಅಕ್ಕನ ಹತ್ತಿರವೇ ಬಂದು ನಿಲ್ಲುತ್ತಿದ್ದವು. ಅತ್ತೆಗೆ ಒಂದು ಸಮಾಧಾನ, ಗಂಡನಿಗೆ ಒಂದು, ಮಗಳಿಗೆ ಒಂದು. ಬೆಂಚಿನ ಮೇಲೆ ಮಲಗಿ ಮಲಗಿ ಕುತ್ತಿಗೆ ಹಿಡಿದುಕೊಂಡಿದೆ ಎಂದು ಹುಡುಗಿಯೂ ಮುಖ ಊದಿಸಿದ್ದಳು. “ಹೊಲಿಗೆ ಅಜ್ಜಿ ಇನ್ನೂ ಎಷ್ಟು ದಿನ ಇರ್ತಾರಮ್ಮ?” ಎಂದು ಕೇಳಿದಳು. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ, ದಿನಾ ಫೋನಿನಲ್ಲಿ ಎಲ್ಲರನ್ನೂ ಕೇಳುವ ಪ್ರಶ್ನೆ ಅದು. ಅಕ್ಕ ಅವಳ ತಲೆಗೊಂದು ಮೊಟಕಿದಳು. ಆಮೇಲೆ ತನಗೂ ಅದೇ ಪ್ರಶ್ನೆ ಬಂದಿತ್ತು ಎಂಬುದು ಹೊಳೆದು ಮುಖ ತೊಳೆಯಲು ಹೋದಳು.

“ನಾನೂ ಒಂದಿನ ನಡೆಯೋಕೆ ಬರ್ಲಾ?” ಎಂದು ಹೊಲಿಗೆಯಮ್ಮ ಅಳಿಯನನ್ನು ಕೇಳಿದಳು. “ಎಲ್ಲಾ ವಯಸ್ಸಿನವರಿಗೂ ಸುಲಭ ಅಂತ ಬೋರ್ಡು ಹಾಕಿದೀರಂತಲ್ಲ.”

ಇಲ್ಲ ಎನ್ನಲು ಅವನಿಗೆ ಬಾಯಿ ಬರಲಿಲ್ಲ. ಹುಲ್ಲುಗಾವಲಿನ ದಾರಿಗೆ ಕರೆದುಕೊಂಡು ಹೋದ. ಅಕ್ಕ ಎಲ್ಲರ ಬುತ್ತಿಯ ಜೊತೆ ತಾಯಿಗೂ ಒಂದು ಕಟ್ಟಿಕೊಟ್ಟು, ಅವರು ಅಂಗಳ ದಾಟುವವರೆಗೆ ನೋಡುತ್ತ ನಿಂತಳು. ಅಮ್ಮ ಒಂದು ದಿನವಾದರೂ ಬಂದದ್ದಕ್ಕೆ ಸಾರ್ಥಕವಾಗಿ ಕಳೆಯುತ್ತಾಳಲ್ಲ ಎಂದು ಮನಸ್ಸಿಗೆ ಹಿತವೆನಿಸಿತು.

ಹೊಲಿಗೆಯಮ್ಮ ನಡೆದದ್ದೇನೋ ಚೆನ್ನಾಗಿಯೇ ನಡೆದಳು. ಕಾಲು ಗಟ್ಟಿ, ಮಷೀನು ತುಳಿದ ಕಾಲು. ಆದರೆ ಬಾಯಿ ಕಾಲಿಗಿಂತ ಗಟ್ಟಿ. ಹುಲ್ಲುಗಾವಲಿನಲ್ಲಿ ಬುತ್ತಿ ಬಿಚ್ಚಿ ಕೂತಾಗ ಒಬ್ಬ ನಿವೃತ್ತ ಮೇಷ್ಟ್ರು ಮತ್ತು ಅವರ ಹೆಂಡತಿ, ಕೋಣೆ ಎಷ್ಟು ಚೆಂದ, ಆ ತುಂಡುಬಟ್ಟೆಯ ಕೌದಿ ಎಷ್ಟು ಬೆಚ್ಚಗೆ ಎಂದು ಹೊಗಳಿದರು.

“ಬೆಚ್ಚಗಿರ್ದೆ ಏನು?” ಎಂದಳು ಹೊಲಿಗೆಯಮ್ಮ ಹಿಗ್ಗಿನಿಂದ. “ನನ್ನ ಮಗಳ ಮದುವೆಗೆ ಅಂತ ನಾನೇ ಹೊಲಿದಿದ್ದು ಅದು. ಅವಳಿಗೆಲ್ಲಿ ಹೊದೆಯೋ ಯೋಗ! ಅವಳೂ ಅವಳ ಗಂಡನೂ ಉಗ್ರಾಣದಲ್ಲಿ ಕೋಲು ಕೋಟು ಮಧ್ಯೆ ಮಲಗ್ತಾರೆ. ನನ್ನ ಬೀಗಿತ್ತಿ ಇದ್ದಿದ್ದು ನೀವಿರೋ ಕೋಣೇಲೇ. ಮೊಮ್ಮಗಳು ಬೆಂಚಿನ ಮೇಲೆ.”

ಅಳಿಯ ಅಷ್ಟು ದೂರದಲ್ಲಿ ನಿಂತು ಯಾರಿಗೋ ಬೆಟ್ಟದ ತುದಿ ತೋರಿಸುತ್ತಿದ್ದ. ಬೆರಳು ಹಾಗೇ ಗಾಳಿಯಲ್ಲಿ ಉಳಿಯಿತು.

ಆ ಸಂಜೆ ಮೇಷ್ಟ್ರ ಹೆಂಡತಿ ಕೌದಿಯನ್ನು ಮಡಚಿ ಎದೆಗೆ ಅವಚಿಕೊಂಡು ಕೆಳಗೆ ಬಂದರು. “ಇದು ನಿಮ್ಮದಂತೆ, ತಗೊಳ್ಳಿಮ್ಮ. ನಮಗೆ ಗೊತ್ತಿರಲಿಲ್ಲ,” ಎಂದು ಅಕ್ಕನ ಕೈಗಿಟ್ಟರು. ಅವರ ಮುಖದಲ್ಲಿದ್ದ ಕನಿಕರ ನೋಡಿ ಅಕ್ಕನಿಗೆ ಭೂಮಿಗಿಳಿದು ಹೋದಂತಾಯಿತು. ಬೆಳಿಗ್ಗೆ ಬೇರೆ ಮನೆಗೆ ಹೋಗುತ್ತೇವೆ, ತಪ್ಪು ತಿಳಿಯಬೇಡಿ, ಇಲ್ಲಿ ಮಲಗಲು ಮನಸ್ಸು ಬರುತ್ತಿಲ್ಲ ಎಂದು ಮೇಷ್ಟ್ರು ಬಹಳ ಮೃದುವಾಗಿ ಹೇಳಿದರು.

ಮರುದಿನ ತಿಂಡಿಯ ಹೊತ್ತು. ನಡುಮನೆಯಲ್ಲಿ ಅತಿಥಿಗಳೆಲ್ಲ ಮೇಜಿಗೆ ಕೂತಿದ್ದರು. ಹೊಲಿಗೆಯಮ್ಮ ಹಿತ್ತಲಲ್ಲಿ ಪಾತ್ರೆ ಒರೆಸುತ್ತಿದ್ದಳು. ಗಂಡ ಅಡುಗೆಮನೆಗೆ ಬಂದು ಬಾಗಿಲು ಮುಚ್ಚಿ ತಾನೇ ಮಿಕ್ಸಿ ಹಾಕಿದ. ಅವನು ಹಾಕಿದ್ದು ಅದೇ ಮೊದಲು. ಅಕ್ಕನಿಗೆ ಅಷ್ಟರಲ್ಲೇ ಎಲ್ಲ ಅರ್ಥವಾಯಿತು.

“ಮೇಷ್ಟ್ರು ಮೇಲಿನ ಕೇರಿ ಮನೆಗೆ ಹೋಗ್ತಿದಾರೆ. ನಾಳೆ ಅಲ್ಲಿ ಕೂತು ನಮ್ಮನೆ ಕತೆ ಹೇಳ್ತಾರೆ.”

“ಅಮ್ಮ ಏನು ಸುಳ್ಳು ಹೇಳಿದ್ಲಾ?”

“ನಿಜಾನೇ ಹೇಳಿದ್ದು! ನಿಜ ಕೇಳೋಕೆ ಬರ್ತಾರೇನೇ ಜನ ಇಲ್ಲಿಗೆ? ಅವರ ಮನೇಲಿ ಬೇಕಾದಷ್ಟು ಇರತ್ತೆ ಅದು.”

“ಮೆಲ್ಲಗೆ,” ಎಂದಳು ಅತ್ತೆ. ಆಮೇಲೆ ತಾನೇ ದನಿ ಏರಿಸಿದಳು. “ನಾನು ನಿನ್ನಮ್ಮನಿಗೆ ಇವತ್ತಿನವರೆಗೆ ಒಂದು ಮಾತು ಅಂದಿಲ್ಲ. ಅಂದಿದೀನಾ ಹೇಳು. ಆದ್ರೆ ನಿದ್ದೆ ಇಲ್ದೆ ನನ್ನ ತಲೆ ಗಿರ್ ಅಂತಿದೆ. ನಿನ್ನೆ ಒಲೆ ಮುಂದೆ ತೂಕಡಿಸಿ ಬೀಳೋದ್ರಲ್ಲಿದ್ದೆ.”

“ನಾನು ಏನು ಮಾಡ್ಲಿ ಅತ್ತೆ? ಎಲ್ಲಿಗೆ ಕಳಿಸ್ಲಿ?”

“ಕಳಿಸು ಅಂತ ಯಾರಂದ್ರು?”

“ಮತ್ತೆ ಇನ್ನೇನು ಅಂತಿರೋದು ನೀವೆಲ್ಲ?”

“ನಿನ್ನ ತಮ್ಮ ಇಲ್ವಾ?” ಎಂದ ಗಂಡ. “ನೀನೊಬ್ಳೇ ಮಗಳಾ ಅವರಿಗೆ? ಎಲ್ಲರೂ ಸೋತು ಸುಣ್ಣ ಆಗಿದೀವಿ, ನಿನಗೆ ಮಾತ್ರ ಏನೂ ಅನ್ನಿಸ್ತಿಲ್ಲ.”

ಅಕ್ಕ ಬೆಳಗಿನಿಂದ ಕೂತಿರಲಿಲ್ಲ. ಹಿಂದಿನ ದಿನವೂ ಕೂತಿರಲಿಲ್ಲ. ಒಂದು ಕೈಯಲ್ಲಿ ಬ್ರೆಡ್ಡು, ಒಂದು ಕೈಯಲ್ಲಿ ಚಾಕು. ಮಿಕ್ಸಿ ಕಿವಿಯ ಪಕ್ಕದಲ್ಲೇ ಕಿರುಚುತ್ತಿತ್ತು. ಅದನ್ನೂ ಮೀರಿಸಿ ಅವಳು ಕಿರುಚಿದಳು.

“ನಂಗೆ ಅನ್ನಿಸ್ತಿಲ್ವಾ? ನಂಗೆ ಅನ್ನಿಸ್ತಿಲ್ವಾ? ಎಲ್ಲರದ್ದೂ ನನ್ನ ತಲೆ ಮೇಲೆ ತಂದು ಸುರೀತೀರಿ! ನಂಗೂ ಸಾಕಾಗಿದೆ! ಅಮ್ಮ ಒಂದ್ಸಲ ಹೊರಟು ಹೋದ್ರೆ ಸಾಕು ಅಂತ ನಂಗೂ ಅನ್ನಿಸಿಬಿಟ್ಟಿದೆ!”

ಹಿತ್ತಲ ಬಾಗಿಲಿನಿಂದ ಹೊಲಿಗೆಯಮ್ಮ ಒಳಗೆ ಬಂದದ್ದನ್ನು ಯಾರೂ ಗಮನಿಸಿರಲಿಲ್ಲ. ಮಿಕ್ಸಿಯ ವಿಷಯ ಅವಳಿಗೆ ಯಾರೂ ಹೇಳಿರಲಿಲ್ಲ. ಹೇಳುವುದಾದರೂ ಹೇಗೆ? ಇಷ್ಟು ದಿನದ ಜಗಳವೆಲ್ಲ ಅವಳ ಬಗ್ಗೆಯೇ ಆಗಿತ್ತು. ಮಂಜುಗಣ್ಣಿಗೂ ಜಾರು ಖಾಲಿ ಇರುವುದು ಕಂಡಿತು. ಬಟ್ಟೆಯಿಲ್ಲದೆ ಮಷೀನು ತುಳಿದರೆ ಅದರ ಹಲ್ಲು ಸವೆಯುತ್ತದೆ ಎಂದು ಜೀವಮಾನವೆಲ್ಲ ಕೆಲಸ ಕಲಿಯುವ ಹುಡುಗಿಯರನ್ನು ಬೈದವಳು ಅವಳು. ಬರಿದೇ ಓಡುವ ಯಂತ್ರ ಕಂಡರೆ ಕೈ ಸುಮ್ಮನಿರುತ್ತದೆಯೇ? ಮಗಳ ಬೆನ್ನ ಹಿಂದಿನಿಂದ ಬಂದು ಗುಂಡಿ ತಿರುಗಿಸಿದಳು. ಮಗಳು ಕೊನೆಯ ಮಾತು ಎತ್ತಿಕೊಂಡದ್ದೂ ಮಿಕ್ಸಿ ನಿಂತದ್ದೂ ಒಟ್ಟಿಗೇ ಆಯಿತು.

‘ಅಮ್ಮ ಒಂದ್ಸಲ ಹೊರಟು ಹೋದ್ರೆ ಸಾಕು’ ಎಂಬುದು ಮನೆಯೆಲ್ಲ ಕೇಳಿಸಿತು. ಅಡುಗೆಮನೆಗೆ, ನಡುಮನೆಗೆ, ಮೆಟ್ಟಿಲ ಮೇಲೆ ಚೀಲ ಹಿಡಿದು ಇಳಿಯುತ್ತಿದ್ದ ಮೇಷ್ಟ್ರಿಗೆ. ಮೇಜಿನ ಸುತ್ತ ಚಮಚಗಳ ಸದ್ದು ನಿಂತಿತು.

ಅಕ್ಕ ತಿರುಗಿ ನೋಡಿದಳು.

“ಖಾಲಿ ಓಡ್ತಿತ್ತು,” ಎಂದಳು ಹೊಲಿಗೆಯಮ್ಮ. “ಸುಟ್ಟು ಹೋಗತ್ತೆ ಅಂತ ನಿಲ್ಲಿಸ್ದೆ.”

“ಬೀಗ್ರೇ,” ಎಂದು ಅತ್ತೆಯೇ ಮೊದಲು ಬಾಯಿ ಬಿಟ್ಟಳು, “ಸಿಟ್ಟಲ್ಲಿ ಬಂದ ಮಾತು ಅದು, ಮನಸ್ಸಿಗೆ ಹಾಕ್ಕೋಬೇಡಿ...”

“ಗೊತ್ತು ಬಿಡಿ ಬೀಗ್ರೇ.” ಒಲೆಯ ಪಕ್ಕದಲ್ಲಿದ್ದ ಟೀ ಪಾತ್ರೆಯನ್ನು ಎತ್ತಿಕೊಂಡು ಹೊಲಿಗೆಯಮ್ಮ ನಡುಮನೆಗೆ ಹೋದಳು. “ಇನ್ನೊಂಚೂರು ಹಾಕ್ಲಾ?” ಎಂದು ಒಬ್ಬೊಬ್ಬರನ್ನೂ ಕೇಳಿ, ಒಂದು ಹನಿಯೂ ಚೆಲ್ಲದ ಹಾಗೆ ಲೋಟ ತುಂಬಿದಳು. ಬೇಡ ಎನ್ನಲು ಯಾರಿಗೂ ಧೈರ್ಯ ಬರಲಿಲ್ಲ.

ಗಂಡ ಅತಿಥಿಗಳನ್ನು ಕರೆದುಕೊಂಡು ಬೇಗನೆ ಬೆಟ್ಟಕ್ಕೆ ಹೊರಟುಹೋದ. ಹೊಲಿಗೆಯಮ್ಮ ಸೀರೆಗಳನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು. ಬೇಡಮ್ಮಾ, ತಪ್ಪಾಯ್ತಮ್ಮಾ ಎಂದು ಅಕ್ಕ ಕಾಲು ಹಿಡಿಯಬಹುದಿತ್ತು. ಹಿಡಿದರೆ ಅಮ್ಮ ಉಳಿಯುತ್ತಾಳೆ. ಉಳಿದರೆ ನಾಳೆ ಬೆಳಿಗ್ಗೆ ಎಲ್ಲವೂ ಮೊದಲಿನಿಂದ ಶುರು. ಅದನ್ನು ನೆನೆದೇ ಅವಳ ಬಾಯಿ ಕಟ್ಟಿತು. ಮೇಲೆ ಹೋಗಿ ಮೇಷ್ಟ್ರು ಬಿಟ್ಟುಹೋದ ಹಾಸಿಗೆಯ ಹೊದಿಕೆ ಬದಲಿಸುತ್ತ ಕಣ್ಣು ಒರೆಸಿಕೊಂಡಳು. ಕೋಣೆ ಖಾಲಿಯಾಗಿತ್ತು, ಕಿಟಕಿಯಲ್ಲಿ ಬಿಸಿಲಿತ್ತು. ಮಧ್ಯಾಹ್ನಕ್ಕೆ ಹೊಸಬರು ಬರುವವರಿದ್ದರು.

ಕೆಳಗೆ ಬಂದಾಗ ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು.

“ಬಸ್ಸಿನವರೆಗೆ ಹೋಗಿ ಬಾ. ಇಲ್ಲಿ ನಾನೂ ಹುಡುಗೀನೂ ನೋಡ್ಕೋತೀವಿ.” ಬುತ್ತಿಯೊಂದನ್ನು ಬೀಗಿತ್ತಿಯ ಕೈಗೆ ಕೊಟ್ಟಳು. “ಉಪ್ಪು ಸರಿಯಾಗಿದೆ. ಮತ್ತೆ ಹಾಕ್ಕೋಬೇಡಿ.”

“ಕಿಟಕಿ ತೆಗೆದಿಟ್ಕೊಂಡು ಮಲಗಿ ಇನ್ನು,” ಎಂದಳು ಹೊಲಿಗೆಯಮ್ಮ. ಇಬ್ಬರೂ ನಗಲೂ ಇಲ್ಲ, ಅಳಲೂ ಇಲ್ಲ.

ಬಸ್ಸು ನಿಲ್ಲುವ ಜಾಗಕ್ಕೆ ಹೊಳೆಯಗುಂಟ ಕಾಲುದಾರಿ. ಅತಿಥಿಗಳು ಫೋಟೋ ತೆಗೆಯುವ ದಾರಿ ಅದು. ಅಕ್ಕ ಚೀಲ ಹೊತ್ತು ಮುಂದೆ, ತಾಯಿ ಹಿಂದೆ.

“ಪುಟ್ಟಿ, ಒಂದು ಕೇಳ್ತೀನಿ. ನೀನು ಅಂದಿದ್ದು ಸುಳ್ಳಾ?”

ಅಕ್ಕ ನಿಂತಳು. ಸುಳ್ಳು ಎಂದು ಹೇಳುವುದು ಎಷ್ಟು ಸುಲಭವಾಗಿತ್ತು! ದಿನಕ್ಕೆ ಎಷ್ಟೋ ಸಲ ಎಷ್ಟೋ ಜನಕ್ಕೆ ‘ಅಯ್ಯೋ ಏನೂ ತೊಂದರೆ ಇಲ್ಲ’ ಎಂದು ಹೇಳಿ ಅಭ್ಯಾಸವಾದ ಬಾಯಿ ಅದು.

“ಇಲ್ಲಮ್ಮ. ನಿಜವಾಗ್ಲೂ ಅನ್ನಿಸ್ತು.”

“ಸರಿ. ಸುಳ್ಳು ಅಂದಿದ್ರೆ ಬೇಜಾರಾಗ್ತಿತ್ತು.” ತಾಯಿ ದಾರಿಯ ಪಕ್ಕದ ಕಲ್ಲಿನ ಮೇಲೆ ಕೂತಳು. “ಬಂದಾಗಿಂದ ನೀನು ನನ್ನ ಹತ್ರ ಆಡಿದ ಒಂದೇ ಮಾತು ಅದು. ಮಿಕ್ಕಿದ್ದೆಲ್ಲ ನಿದ್ದೆ ಬಂತಾ, ಏನಾದ್ರೂ ಬೇಕಾ. ನಾನೇನು ದುಡ್ಡು ಕೊಟ್ಟು ಬಂದಿದ್ನಾ?”

“ಅಮ್ಮಾ...”

“ತಡಿ, ಮುಗಿಸ್ತೀನಿ. ನಿಂಗೆ ಸಾಕಾಗಿರೋದು ನಾನಲ್ಲ. ಆ ಒಲೆ, ಆ ಮೆಟ್ಲು, ಆ ಹಾಸಿಗೆಗಳು, ನಿನ್ನ ಗಂಡ, ನಿನ್ನತ್ತೆ, ಎಲ್ಲಾ ಸಾಕಾಗಿದೆ. ಆದ್ರೆ ಅವ್ರನ್ನೆಲ್ಲ ಕಳಿಸೋಕೆ ಆಗಲ್ಲ. ಕಳಿಸೋಕೆ ಆಗೋದು ನನ್ನೊಬ್ಳನ್ನೇ. ಅದಕ್ಕೆ ನಾನು ಹೋಗ್ತಿದೀನಿ. ನಂಗೂ ಹೊಟ್ಟೆ ಉರೀತಿದೆ, ಇಲ್ಲ ಅನ್ನಲ್ಲ.”

ಅಕ್ಕ ಚೀಲವನ್ನು ದಾರಿಯ ಮೇಲೇ ಇಟ್ಟು, ಮುಖ ಮುಚ್ಚಿಕೊಂಡು ಗೊಳೋ ಎಂದು ಅತ್ತಳು. ಎಷ್ಟು ಜೋರಾಗಿ ಅತ್ತಳೆಂದರೆ ಆಚೆ ದಡದಲ್ಲಿ ಹೋಗುತ್ತಿದ್ದ ಯಾರದೋ ಮನೆಯ ಅತಿಥಿಗಳು ನಿಂತು ನೋಡಿದರು. ನೋಡಿದರೆ ನೋಡಲಿ ಎಂದುಕೊಂಡಳು. ತಾಯಿ ಸಮಾಧಾನ ಮಾಡಲು ಹೋಗಲಿಲ್ಲ. ಅತ್ತು ಮುಗಿಯುವವರೆಗೆ ಕಲ್ಲಿನ ಮೇಲೆ ಕೂತಿದ್ದು, ಆಮೇಲೆ ಸೆರಗಿನ ತುದಿ ಕೊಟ್ಟಳು.

ಬಸ್ಸು ಬಂತು. ಹೊಸ ಅತಿಥಿಗಳು ಇಳಿದು ಅತ್ತಿತ್ತ ನೋಡುತ್ತ ನಿಂತರು. ಅಕ್ಕ ಅವರಿಗೆ ದಾರಿ ತೋರಿಸಿ, “ಹೀಗೇ ನೇರ ಹೋಗಿ, ಹಸಿರು ಗೇಟು” ಎಂದಷ್ಟೇ ಹೇಳಿ ತಾಯಿಯನ್ನು ಹತ್ತಿಸಿದಳು. ಚೀಲವನ್ನು ಸೀಟಿನ ಕೆಳಗೆ ತಳ್ಳಬೇಕಿತ್ತು. ತಳ್ಳಲೆಂದು ತಾಯಿಯ ಪಕ್ಕ ಕೂತಳು. ಕೂತವಳಿಗೆ ಏಳಲಾಗಲಿಲ್ಲ.

“ಇಳೀತೀರಾ ಇಲ್ಲ ಟಿಕೆಟ್ ತಗೋತೀರಾ?” ಎಂದ ಕಂಡಕ್ಟರ್.

“ಇಳಿಯೇ,” ಎಂದಳು ತಾಯಿ. “ಮನೇಲಿ ಜನ ಬಂದಿದಾರೆ.”

“ಇಳೀತೀನಿ ಇರು,” ಎಂದಳು ಅಕ್ಕ. ತಲೆ ತಾಯಿಯ ಹೆಗಲಿಗೆ ಒರಗಿತು. ಬಸ್ಸು ಮೊದಲ ತಿರುವು ದಾಟುವುದರೊಳಗೆ ಅವಳಿಗೆ ನಿದ್ದೆ ಹತ್ತಿತ್ತು. ಕಂಡಕ್ಟರ್ ಹೊಲಿಗೆಯಮ್ಮನ ಮುಖ ನೋಡಿದ. ಅವಳು ಸೊಂಟದ ಚೀಲ ಬಿಚ್ಚಿ ಇಬ್ಬರಿಗೂ ಟಿಕೆಟ್ ತೆಗೆದುಕೊಂಡಳು.

ಬೆಟ್ಟಗಳು ಹಿಂದೆ ಸರಿದು ಬಯಲು ಬಂದ ಮೇಲೆ ಅಕ್ಕನ ಮಡಿಲಲ್ಲಿದ್ದ ಫೋನು ಬಡಿದುಕೊಳ್ಳತೊಡಗಿತು. ಒಂದು ಸಲ ನಿಂತು ಮತ್ತೆ ಬಡಿದುಕೊಂಡಿತು. ಹೊಲಿಗೆಯಮ್ಮ ಹೆಗಲು ಅಲ್ಲಾಡದ ಹಾಗೆ ಕೈ ಚಾಚಿ ಎತ್ತಿಕೊಂಡಳು.

“ಎಲ್ಲಿದೀಯೇ?” ಅಳಿಯನ ದನಿ ಪಕ್ಕದ ಸೀಟಿಗೂ ಕೇಳುವಂತಿತ್ತು. “ಈಗ ಬೆಟ್ಟದಿಂದ ಬಂದೆ. ಅಮ್ಮ ಒಲೆ ಮುಂದೆ ಒಬ್ಳೇ ಒದ್ದಾಡ್ತಿದಾಳೆ, ಮೇಲೆ ಬಿಸಿನೀರು ಕೇಳ್ತಿದಾರೆ...”

“ನಾನಪ್ಪ. ಅವಳು ಮಲಗಿದಾಳೆ.”

“ಮಲಗಿದಾಳಾ? ಈ ಹೊತ್ತಲ್ಲಾ? ಎಲ್ಲಿ?”

“ಬಸ್ಸಲ್ಲಿ.”

“ಎಬ್ಬಿಸಿ ಅತ್ತೆ, ಒಂದ್ನಿಮಿಷ ಮಾತಾಡ್ತೀನಿ.”

“ಎಬ್ಬಿಸಲ್ಲ.”

“ಅಲ್ಲ, ಅವಳನ್ನ ಯಾವಾಗ ಕಳಿಸ್ತೀರಿ?”

ಅಕ್ಕನಿಗೆ ಎಚ್ಚರವಾಗಿ ಆಗಲೇ ಸ್ವಲ್ಪ ಹೊತ್ತಾಗಿತ್ತು. ಅವಳು ಕಣ್ಣು ತೆರೆಯಲಿಲ್ಲ. ಹೆಗಲಿನೊಳಗೆ ತಾಯಿಯ ದನಿ ಏಳುವುದು ಕೆನ್ನೆಗೆ ತಾಕುತ್ತಿತ್ತು.

“ನಂಗೆ ಸಾಕಾದಾಗ ಕಳಿಸ್ತೀನಿ,” ಎಂದಳು ಹೊಲಿಗೆಯಮ್ಮ.